ಕೂಗಿದ ಹೇಂಟೆಯ ಪರವಾಗಿ

ಸ್ಯಾನ್ ಫ್ರಾನ್ಸಿಸ್ಕೊ, ಇಳಿದ ದಿನ

"ಈಚೆಗೆ ದನಕರು, ಕೋಳಿ ಕುರಿಗಳ ಹತ್ತಿರ ಹೋಗಿದ್ದಿರಾ?" ವಿಮಾನ ನಿಲ್ದಾಣದ ಅಧಿಕಾರಿ ಕೇಳಿದ.

"ಹತ್ತಿರ ಅಂದರೆ ಎಷ್ಟು ಹತ್ತಿರ?" ಅಂದೆ.

ತಪ್ಪು ಉತ್ತರ. ಆದರೆ ಕಾನೂನು ಕಾಲೇಜಿನ ಐದು ವರ್ಷವನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳಿಗೆ, ಶಬ್ದದ ಅರ್ಥ ಗೊತ್ತು ಮಾಡಿಕೊಳ್ಳದೆ ಬಾಯಿ ತೆರೆಯಬಾರದು ಎಂದು ಕಲಿಸಿರುತ್ತಾರೆ. ಅಲ್ಲದೆ ಮೈಸೂರಿನಲ್ಲಿ ದನದ ಹತ್ತಿರ ಹೋಗದೆ ಬಸ್ ಸ್ಟಾಪು ಸೇರುವುದು ಹೇಗೆ? ಅಧಿಕಾರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಪಕ್ಕದ ಸಾಲಿಗೆ ಕಳಿಸಿದ. ಅಲ್ಲಿ ಒಬ್ಬಾಕೆ ನನ್ನ ಶೂಗಳನ್ನು ತಿರುಗಿಸಿ ನೋಡಿ, ಚಟ್ನಿಪುಡಿಯ ಡಬ್ಬಿ ಮೂಸಿ, ಮೂರು ಸಲ ಸೀನಿ, ಹೋಗು ಅಂದಳು.

"ಅಲ್ವೇ, ನೋ ಅನ್ನೋಕೆ ಏನೇ ಕಷ್ಟ ನಿಂಗೆ?" ಹೊರಗೆ ಒಂದೂವರೆ ಗಂಟೆ ಕಾದಿದ್ದ ಅಕ್ಕ ಕಾರಿನಲ್ಲಿ ಕೂತ ಮೇಲೆ ಕೇಳಿದಳು.

ಸುಮನಕ್ಕ ನನ್ನ ದೊಡ್ಡಮ್ಮನ ಮಗಳು. ಭಾವ ಶಿವಕುಮಾರ್‌ಗೆ ಪಿತ್ತಕೋಶದಲ್ಲಿ ಕಲ್ಲು. ಗುರುವಾರ ಆಪರೇಷನ್ನು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಚಿಕ್ಕದು. ಆದರೂ ಮನೆಯಲ್ಲಿ ಭಾವನ ತಾಯಿಯ ಜೊತೆಗೆ, ಒಂಬತ್ತು ವರ್ಷದ ಮಗಳು ಇಂಚರಳ ಜೊತೆಗೆ ಯಾರಾದರೂ ಬೇಕು. ನನ್ನ ಪರೀಕ್ಷೆ ಮುಗಿದಿತ್ತು, ಹೋದ ವರ್ಷ ಸ್ಪರ್ಧೆಗೆಂದು ಮಾಡಿಸಿದ ವೀಸಾ ಹಾಗೇ ಇತ್ತು. ನನ್ನ ವಿದೇಶ ಪ್ರವಾಸದ ಹಿಂದೆ ಇದಕ್ಕಿಂತ ದೊಡ್ಡ ಉದ್ದೇಶವೇನೂ ಇರಲಿಲ್ಲ.

ಶನಿವಾರ, ಒಣ ಗುಡ್ಡಗಳ ನಡುವೆ

ಅಕ್ಕನ ಮನೆ ಮಾರ್ಗನ್ ಹಿಲ್‌ನಲ್ಲಿ. ಭಾವನ ಕೆಲಸ ನೆವಾರ್ಕ್‌ನ ಕಾರ್ ಕಂಪನಿಯಲ್ಲಿ. ಫ್ರೀವೇ ತುಂಬುವ ಮುಂಚೆ ದಾಟಬೇಕೆಂದು ಐದಕ್ಕೇ ಎದ್ದು ಹೋಗುವವರು ಇವರು. ಮನೆಯ ಸುತ್ತ ಗುಡ್ಡಗಳು, ಅವುಗಳ ತುಂಬ ಒಣಗಿದ ಹುಲ್ಲು. ಇಲ್ಲಿಯವರು ಇವನ್ನು ಬಂಗಾರದ ಗುಡ್ಡಗಳು ಅನ್ನುತ್ತಾರೆ. ನಮ್ಮಲ್ಲಾದರೆ ಬರಪೀಡಿತ ಅಂತ ಘೋಷಿಸಿ ಅಧ್ಯಯನ ತಂಡ ಕಳಿಸುತ್ತಿದ್ದರು.

ಆ ಗುಡ್ಡಗಳ ನಡುವೆ ವರ್ಷಕ್ಕೊಮ್ಮೆ ಒಂದು ಮೇಳ. ಎಲ್ಲರೂ ಹಳೆಯ ಕಾಲದ ಯುರೋಪಿನವರ ಹಾಗೆ ವೇಷ ಹಾಕಿಕೊಂಡು ಬರುತ್ತಾರೆ. ಕಿರೀಟ ಧರಿಸಿದ ರಾಜನೊಬ್ಬ ಸುಟ್ಟ ಜೋಳದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ. ತನ್ನ ಸರದಿ ಬಂದಾಗ ನಿಲುವಂಗಿಯೊಳಗಿಂದ ಫೋನು ತೆಗೆದು ದುಡ್ಡು ಕೊಟ್ಟ.

ಭಾವನ ತಾಯಿಯನ್ನು ಇಂಚರ ಕರೆಯುವ ಹಾಗೆ ನಾನೂ ಅಜ್ಜಿ ಎಂದೇ ಕರೆಯುತ್ತೇನೆ. ಮದ್ದೂರಿನ ಹತ್ತಿರದ ಹಳ್ಳಿಯವರು. ಅವರೂರಲ್ಲಿ ಪ್ರತಿ ವರ್ಷ ಪೌರಾಣಿಕ ನಾಟಕ ಕಟ್ಟುತ್ತಾರೆ. ಅಜ್ಜಿ ಮರದ ನೆರಳಿನಲ್ಲಿ ನಾಲ್ಕು ಗಂಟೆಯವರೆಗೆ ಶಿಸ್ತಾಗಿ ಕೂತರು.

"ಯಾಸ ಹಾಕಂಡು ಸುಮ್ಕೆ ತಿರುಗ್ತಾವ್ರಲ್ಲ, ನಾಟ್ಕ ಯಾವಾಗ ಸುರುವಾಯ್ತದೆ?" ಎಂದು ಕೊನೆಗೆ ಕೇಳಿದರು.

"ಶುರು ಆಗಲ್ಲ ಅಜ್ಜಿ. ಇಷ್ಟೇ."

"ಇಷ್ಟೇಯಾ?" ಅವರಿಗೆ ಅಮೆರಿಕದ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವೂ ಅಲ್ಲಿಗೆ ಮುಗಿದ ಹಾಗೆ ಕಂಡಿತು.

ಅಕ್ಕನ ಪಕ್ಕದ ಮನೆಯಾಕೆ ಮಾರ್ಗರೆಟ್‌ಗೆ ಆ ಮೇಳದಲ್ಲಿ ಒಂದು ಅಂಗಡಿ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಹಿಂದಿನ ಕಾಲದ ಪಾದ್ರಿಗಳು ಪ್ರಾಣಿಗಳ ಬಗ್ಗೆ ಬರೆಯುತ್ತಿದ್ದ ಚಿತ್ರಪುಸ್ತಕಗಳಿವೆಯಲ್ಲ, ಅವುಗಳಲ್ಲಿನ ಮೃಗಗಳನ್ನು ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಬಿಡಿಸಿ ಮಾರುತ್ತಾಳೆ. ಅಂಗಡಿಯ ನಡುವೆ ತೂಗುಹಾಕಿದ್ದು ಬ್ಯಾಸಿಲಿಸ್ಕ್. ಹುಂಜದ ತಲೆ, ಹುಂಜದ ಕಾಲು, ಹಾವಿನ ಬಾಲ, ನೆತ್ತಿಯ ಮೇಲೆ ಕಿರೀಟ. ಹುಂಜ ಇಟ್ಟ ಮೊಟ್ಟೆಗೆ ಕಪ್ಪೆ ಕಾವು ಕೊಟ್ಟರೆ ಹುಟ್ಟುತ್ತದಂತೆ. ಉಸಿರು ಬಿಟ್ಟರೆ ಹುಲ್ಲು ಸುಡುತ್ತದೆ, ಕಣ್ಣಿಟ್ಟು ನೋಡಿದರೆ ಮನುಷ್ಯ ನಿಂತಲ್ಲೇ ಸಾಯುತ್ತಾನೆ.

"ನೋಡಿದವರೆಲ್ಲ ಸತ್ತರೆ, ಅದಕ್ಕೆ ಕಿರೀಟ ಇತ್ತು ಅಂತ ಬಂದು ಹೇಳಿದವರು ಯಾರು?" ಅಂದೆ.

ಮಾರ್ಗರೆಟ್ ಗಹಗಹಿಸಿ ನಕ್ಕಳು. "ಮೆಲ್ಲಗೆ ಮಾತಾಡು ಮಾರಾಯ್ತಿ, ನನಗೆ ವ್ಯಾಪಾರ ಆಗಬೇಕು" ಎಂಬರ್ಥದ ಮಾತು ಹೇಳಿದಳು.

ಅಜ್ಜಿ ಚಿತ್ರವನ್ನೇ ನೋಡುತ್ತಿದ್ದರು. "ಏನಂತವ್ವ ಇದು?"

"ಇಟ್ ಕಿಲ್ಸ್ ಯು ವಿತ್ ಇಟ್ಸ್ ಐಸ್, ಅಜ್ಜಿ!" ಇಂಚರ ಕಣ್ಣರಳಿಸಿದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಹಾಗಾಗಿ ಹುಂಜದ ಮೊಟ್ಟೆಯಿಂದ ಹಿಡಿದು ಕಣ್ಣಿನ ವಿಷದವರೆಗೆ ಎಲ್ಲವನ್ನೂ ಅಜ್ಜಿಗೆ ಬಿಡಿಸಿ ಹೇಳಿದವಳು ನಾನೇ. ಹೇಳುವಾಗ ಸ್ವಲ್ಪ ಅಭಿನಯವನ್ನೂ ಸೇರಿಸಿದೆ.

ಭಾನುವಾರ, ಹಿತ್ತಲು

ಇಲ್ಲಿ ಹಿತ್ತಲಲ್ಲಿ ಕೋಳಿ ಸಾಕುವುದು ಒಂದು ಷೋಕಿ. ಊರೊಳಗೆ ಹೇಂಟೆ ಸಾಕಬಹುದು, ಹುಂಜ ಸಾಕುವಂತಿಲ್ಲ. ಹುಂಜ ಕೂಗಿ ನಿದ್ದೆ ಕೆಡಿಸುತ್ತದೆಂದು ನಿಯಮವಂತೆ. ಅಕ್ಕನ ಮನೆಯ ನಾಲ್ಕು ಹೇಂಟೆಗಳಲ್ಲಿ ಒಂದು ಕೆಂಪು ಬಣ್ಣದ್ದು. ಇಂಚರ ಅದಕ್ಕೆ ಪಿಕಲ್ ಎಂದು ಹೆಸರಿಟ್ಟಿದ್ದಳು, ಅಜ್ಜಿ ಕೆಂಪಿ ಅನ್ನುತ್ತಿದ್ದರು. ಕೋಳಿ ಎರಡಕ್ಕೂ ಓಗೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾವು ದೋಸೆ ತಿನ್ನುತ್ತಿದ್ದಾಗ ಹಿತ್ತಲಿಂದ ಒಂದು ಸದ್ದು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಕಹಳೆ ಊದಲು ನೋಡಿದ ಹಾಗೆ. ಮತ್ತೊಂದು ಸಲ ಬಂದಾಗ ಗೊಂದಲ ಉಳಿಯಲಿಲ್ಲ. ಕೆಂಪಿ ನೀರಿನ ತೊಟ್ಟಿಯ ಮೇಲೆ ಹತ್ತಿ, ಕತ್ತು ನಿಗುರಿಸಿ, ಹುಂಜದ ಹಾಗೆ ಕೂಗುತ್ತಿತ್ತು.

"ಓ ಮೈ ಗಾಡ್, ಪಿಕಲ್ ಈಸ್ ಸಿಂಗಿಂಗ್!" ಇಂಚರ ಕುಣಿದಳು.

ಅಜ್ಜಿಯ ಕೈಲಿದ್ದ ದೋಸೆಯ ತುಂಡು ತಟ್ಟೆಗೆ ಬಿತ್ತು. "ಯಾವ ಗಳಿಗೇಲಿ ಕೂಗ್ತು ನೋಡು" ಎಂದು ಭಾವನ ಮುಖ ನೋಡಿದರು.

ಹೇಂಟೆ ಕೂಗಿದರೆ ಮನೆಯ ಯಜಮಾನನಿಗೆ ಕೇಡು ಎಂದು ಅವರ ಕಡೆ ನಂಬಿಕೆ. ಕೂಗಿದ ಹೇಂಟೆಯನ್ನು ಆ ಹೊತ್ತೇ ಹೊರಗೆ ಸಾಗಿಸುತ್ತಾರೆ ಅಥವಾ ಕುಯ್ಯುತ್ತಾರೆ. ಕುಯ್ದರೂ ಆ ಮನೆಯವರು ತಿನ್ನುವುದಿಲ್ಲ. ಭಾವ ನಕ್ಕರು. "ಅವ್ವ, ಅದ್ಕೂ ಪಾಪ ಭಾನ್ವಾರ, ಒಸಿ ಹಾಡ್ಲಿ ಬುಡು." ಅಜ್ಜಿ ನಗಲಿಲ್ಲ.

ಸೋಮವಾರ, ಸೂರಿನ ಮೇಲೆ

ಸೋಮವಾರ ಸಂಜೆ ಇಂಚರ ಕೋಳಿಗೂಡಿನಿಂದ ಒಂದು ಮೊಟ್ಟೆ ತಂದಳು. ಬೆಟ್ಟದ ನೆಲ್ಲಿಕಾಯಿಗಿಂತ ಒಂಚೂರು ದಪ್ಪ, ಅಷ್ಟೇ. ಇಂಥ ಮೊಟ್ಟೆಯಲ್ಲಿ ಹಳದಿ ಇರುವುದಿಲ್ಲ, ಕೋಳಿಯ ಅಂಡಾಶಯ ಹದ ತಪ್ಪಿದಾಗ ಹೀಗಾಗುತ್ತದೆ ಎಂದು ನಾನು ಆಗಲೇ ಓದಿಕೊಂಡಿದ್ದೆ. ಅಂಡಾಶಯ ಕೆಟ್ಟರೆ ಹೇಂಟೆಗೆ ಹುಂಜದ ಲಕ್ಷಣ ಬರುವುದೂ ಉಂಟು. ಇದನ್ನೆಲ್ಲ ಅಜ್ಜಿಗೆ ಹೇಳಿ ಮುಗಿಸುವಷ್ಟರಲ್ಲಿ ಬೇಲಿಯ ಆಚೆಯಿಂದ ಮಾರ್ಗರೆಟ್‌ಳ ತಲೆ ಕಾಣಿಸಿತು.

"ಕೂಗಿದ್ದು ಇದೇನಾ? ಅಯ್ಯೋ ದೇವರೆ, ಇದು ಹುಂಜದ ಮೊಟ್ಟೆ! ಬ್ಯಾಸಿಲಿಸ್ಕ್ ಹುಟ್ಟುವ ಮೊಟ್ಟೆ!" ಅವಳಿಗೆ ಖುಷಿಯೋ ಖುಷಿ. ಇಂಗ್ಲೆಂಡಿನ ಹಳ್ಳಿಯಲ್ಲಿದ್ದ ಅವಳ ಅಜ್ಜಿ ಇಂಥ ಮೊಟ್ಟೆಯನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲವಂತೆ. ಮನೆಯ ಸೂರಿನ ಮೇಲಿಂದ ಆಚೆ ಕಡೆಗೆ ಎಸೆದು ಒಡೆಯಬೇಕಂತೆ. ಸೂರಿಗೆ ತಾಗಬಾರದಂತೆ.

ಇಂಚರ ಅಜ್ಜಿಗೆ ಕೈಸನ್ನೆಯಲ್ಲೇ ಎಲ್ಲ ತಿಳಿಸಿದಳು. ಅಜ್ಜಿ ನನ್ನ ಕಡೆ ತಿರುಗಿದರು. "ನಾನೊಬ್ಳೇ ಅಂದ್ರೆ ಹಳ್ಳಿಮುಕ್ಕಿ ಅಂತೀರ. ಈವಮ್ಮಾನೂ ಅಂತಾವ್ಳಲ್ಲ? ಇವಳ್ಗೂ ನಂಗೂ ಏನು ನೆಂಟಸ್ತನವಾ, ಮಾತಾಡ್ಕಂಡು ಹೇಳಾಕೆ?"

ಒಪ್ಪಬೇಕು, ಇದು ಒಳ್ಳೆಯ ವಾದ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಯಾವ ನ್ಯಾಯಾಧೀಶನೂ ಕಿವಿಗೊಡುತ್ತಾನೆ. ಉತ್ತರವೂ ಇದೆ: ಎರಡು ಊರಲ್ಲೂ ಕೋಳಿಗೆ ಬರುವ ಕಾಯಿಲೆ ಒಂದೇ, ಅದನ್ನು ಕಂಡು ಇಬ್ಬರೂ ತಮತಮಗೆ ತೋಚಿದ ಭಯ ಕಟ್ಟಿಕೊಂಡರು. ಆದರೆ ಆ ಹೊತ್ತಿಗೆ ನನಗೆ ಬುದ್ಧಿವಂತಿಕೆ ತೋರಿಸುವ ಇನ್ನೊಂದು ದಾರಿ ಕಂಡಿತು. "ಎಸೆದರೆ ಆಯ್ತಲ್ಲ? ತಗೊಳ್ಳಿ, ಮುಗಿಸೋಣ" ಎಂದು ಇಂಚರಳ ಕೈಯಿಂದ ಮೊಟ್ಟೆ ಕಿತ್ತುಕೊಂಡು ಬೀಸಿ ಎಸೆದೆ.

ಮನೆ ಎರಡಂತಸ್ತಿನದು. ನನ್ನ ತೋಳು ಮೇಜು ಕುಟ್ಟಲು ಪಳಗಿದ ತೋಳು. ಮೊಟ್ಟೆ ಅರ್ಧ ಸೂರು ಹತ್ತಿ, ಉರುಳಿ ಬಂದು, ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಕೂತಿತು. ಒಡೆಯಲೂ ಇಲ್ಲ.

ಅಜ್ಜಿ ತಲೆಯೆತ್ತಿ ನೋಡಿದರು. ಆ ದೋಣಿಯ ಕೆಳಗೇ ಭಾವ ಮಲಗುವ ಕೋಣೆಯ ಕಿಟಕಿ.

ಮಂಗಳವಾರ, ಊಟದ ಮೇಜು

ಮರುದಿನ ಅಜ್ಜಿ ಸ್ಪಷ್ಟವಾಗಿ ಹೇಳಿದರು. ಗುರುವಾರದೊಳಗೆ ಕೆಂಪಿ ಈ ಮನೆಯಲ್ಲಿ ಇರಕೂಡದು. ಕತ್ತಿ ತಾವೇ ಹಿಡಿಯುತ್ತಾರೆ. ಇಂಚರ ಅಳತೊಡಗಿದಳು. ಏಣಿ ಹಾಕಿ ಮೊಟ್ಟೆ ತೆಗೆಯುತ್ತೇನೆಂದ ಭಾವನಿಗೆ ಅಕ್ಕ ಗದರಿದಳು. "ಹೊಟ್ಟೇಲಿ ಕಲ್ಲಿಟ್ಕೊಂಡು ಲ್ಯಾಡರ್ ಹತ್ತಬೇಡಿ. ಈ ಸ್ಟ್ರೆಸ್ಸೆಲ್ಲ ನಂಗೆ ಈಗ ಬೇಕಾ?"

ಚರ್ಚೆ ಇಟ್ಟುಬಿಡೋಣ ಎಂದು ಸೂಚಿಸಿದ್ದು ನಾನು. ಅಜ್ಜಿ ಕೋಳಿಯ ವಿರುದ್ಧ, ನಾನು ಪರ. ಇಂಚರ ಚಮಚದಿಂದ ಲೋಟ ಬಡಿದು ಸಮಯ ಹೇಳುವುದು. ಭಾವ ತೀರ್ಪುಗಾರರು.

"ಸಾಯೋನೂ ನಾನೇ, ಜಡ್ಜೂ ನಾನೇನಾ?" ಅಂದರು ಭಾವ.

"ಬುಡ್ತು ಅನ್ಲಾ!" ಅಜ್ಜಿ ಚೀರಿದರು. ಭಾವ ಬುಡ್ತು ಅನ್ನುವವರೆಗೆ ಕಲಾಪ ಶುರುವಾಗಲಿಲ್ಲ.

ಮೊದಲು ನಾನು. ಅಂಡಾಶಯದ ಕಥೆ ಹೇಳಿದೆ. ಹುಂಜವಿಲ್ಲದ ಗುಂಪಿನಲ್ಲಿ ಜೋರಿನ ಹೇಂಟೆಯೊಂದು ಆ ಸ್ಥಾನಕ್ಕೆ ಏರುವುದುಂಟು ಎಂದೆ. ಹುಂಜ ಸಾಕಬಾರದು ಎಂಬ ಇಲ್ಲಿಯ ನಿಯಮದಿಂದ ಈ ಊರಿನ ಹಿತ್ತಲುಗಳಲ್ಲೆಲ್ಲ ಇಂಥ ಕೋಳಿಗಳು ಇರಲೇಬೇಕು, ಹಾಗಿದ್ದರೆ ಇಷ್ಟು ಹೊತ್ತಿಗೆ ಮಾರ್ಗನ್ ಹಿಲ್‌ನ ಯಜಮಾನರೆಲ್ಲ ಎಲ್ಲಿಗೆ ಹೋಗಿರಬೇಕಿತ್ತು ಎಂದು ಕೇಳಿದೆ. ಭಾವ ಚಪ್ಪಾಳೆ ತಟ್ಟಿದರು. ಬ್ಯಾಸಿಲಿಸ್ಕ್ ವಿಷಯದಲ್ಲಿ ಮೇಳದಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದೆ: ಕಂಡು ಬದುಕಿದವರೇ ಇಲ್ಲದ ಪ್ರಾಣಿ ಇದೆ ಎನ್ನಲು ಆಧಾರವೇನು?

"ಕಂಡೋರು ಬದುಕಿಲ್ಲ ಅಂತ್ಲೇ ಅಲ್ವಾ ನಿಂಗೆ ಯಾರೂ ಹೇಳಾಕೆ ಬಂದಿಲ್ದೆ ಇರಾದು?" ಅಜ್ಜಿ ಅಂದರು. ಅಕ್ಕ ಕೂಡ ನಕ್ಕಳು.

ಆಮೇಲೆ ಅಜ್ಜಿಯ ಸರದಿ. ಅವರು ಎದ್ದು ನಿಲ್ಲಲಿಲ್ಲ. ಸೀರೆಯ ಸೆರಗಿನ ಅಂಚನ್ನು ಮೇಜಿನ ಮೇಲೆ ನೀವುತ್ತ ಹೇಳಿದರು.

"ಇವರಪ್ಪ ಇದ್ದಾಗ ನಮ್ಮನೇಲಿ ಒಂದು ಕರಿ ಹ್ಯಾಟೆ ಇತ್ತು. ದಿನಾ ಮೊಟ್ಟೆ ಮಡಗೋದು. ಒಂದಿನ ಕೂಗ್ತು. ನಮ್ಮತ್ತೆ ಅಂದ್ರು, ಕೊಟ್ಬುಡು ಯಾರಿಗಾದ್ರೂವಾ ಅಂತ. ದಿನಾ ಮೊಟ್ಟೆ ಮಡಗೋ ಹ್ಯಾಟೆ, ಯಾಕೆ ಕೊಡ್ಲಿ ಅಂತ ನಾನು ಮಡಿಕಂಡೆ. ಅದಾದ್ ವಾರಕ್ಕೆ ಇವರಪ್ಪಂಗೆ ಒಟ್ಟೆ ನೋವು ಬಂತು. ಸಣ್ಣ ಆಪ್ರೇಸನ್ನು, ನಾಳಿಕೇ ಬತ್ತೀನಿ ಅಂದ್ರು. ಬರ್ನಿಲ್ಲ." ಸೆರಗಿನ ಅಂಚನ್ನು ಮಡಿಚಿದರು. "ಮಡಿಕಂಡೋಳು ನಾನು."

ಈ ಕಥೆ ಭಾವನಿಗೂ ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಇಂಚರ ಲೋಟ ಬಡಿಯುವುದನ್ನು ಮರೆತಳು.

ಖಂಡನೆಗೆ ನನಗೆ ಎರಡು ನಿಮಿಷ ಬಾಕಿ ಇತ್ತು. ಬಳಸಿಕೊಂಡೆ. "ಹೇಂಟೆ ಕೂಗಿದ ಮೇಲೂ ಯಾರೂ ಸಾಯದೇ ಇದ್ದ ಮನೆಗಳನ್ನ ಎಣಿಸಿದ್ದೀರಾ ಅಜ್ಜಿ? ಹೇಂಟೆ ಕೂಗದೇನೇ ಜನ ಸತ್ತ ಮನೆಗಳನ್ನ? ಒಂದಾದ ಮೇಲೆ ಇನ್ನೊಂದು ಆಯ್ತು ಅಂದ ಮಾತ್ರಕ್ಕೆ ಅದರಿಂದಲೇ ಇದು ಆಯ್ತು ಅನ್ನೋಕಾಗಲ್ಲ." ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಈಗ ಕೇಳಿದರೂ ಇದನ್ನೇ ಹೇಳುತ್ತೇನೆ. ಅಕ್ಕ ನನ್ನನ್ನು ನೋಡಿದ ರೀತಿ ಮಾತ್ರ, ಬ್ಯಾಸಿಲಿಸ್ಕ್ ಬಗ್ಗೆ ಬರೆದ ಪಾದ್ರಿಗಳಿಗೆ ಎಲ್ಲಿಂದ ಆ ಯೋಚನೆ ಬಂದಿರಬಹುದು ಎಂಬುದಕ್ಕೆ ಒಂದು ಸುಳಿವು.

ಭಾವ ಮೆಲ್ಲಗೆ, "ಕೋಳಿ ಇರ್ಲಿ ಕಣವ್ವ" ಅಂದರು. ಅದೇ ತೀರ್ಪು.

"ನೀ ಗೆದ್ದೆ ಕಣ್ ಮಗ" ಅಜ್ಜಿ ನನ್ನ ಕಡೆ ತಿರುಗಿದರು. "ಸಂದಾಗಿ ಮಾತಾಡ್ತೀಯ. ಈಗ ನಂಗೆ ನಿದ್ದೆ ಬರಂಗೆ ಒಸಿ ಮಾತಾಡು, ನೋಡವ."



ಬುಧವಾರ, ಬೇಲಿಯ ಹತ್ತಿರ

ಬೆಳಿಗ್ಗೆ ನೀಲಿ ಬಣ್ಣದ ಹಕ್ಕಿಯೊಂದು ಬಂದು ದೋಣಿಯಲ್ಲಿದ್ದ ಮೊಟ್ಟೆಯನ್ನು ಕುಟುಕಿ ಕುಟುಕಿ ತಿಂದಿತು. ಈ ಹಕ್ಕಿಗಳು ಇಲ್ಲಿ ನಮ್ಮ ಕಾಗೆಗಳ ಕೆಲಸ ಮಾಡುತ್ತವೆ, ಬಣ್ಣ ಮಾತ್ರ ಚೆನ್ನಾಗಿದೆ. ನಾನು ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. "ನೋಡಿ, ತಿಂತು, ಹಾರ್ತು. ಸತ್ತಿಲ್ಲ."

"ಎಲ್ಲೋಗಿ ಬಿತ್ತೋ ಯಾರ್ ಕಂಡವ್ರೆ" ಅಂದರು. ಕಣ್ಣ ಕೆಳಗೆ ಕಪ್ಪಗಾಗಿತ್ತು. ಚರ್ಚೆಯಾದ ಮೇಲೆ ಅವರು ಕತ್ತಿಯ ಮಾತೆತ್ತಿರಲಿಲ್ಲ. ತೀರ್ಪಿಗೆ ತಲೆಬಾಗಿದ್ದರು. ಆದರೆ ಊಟವನ್ನೂ ಬಿಟ್ಟಿದ್ದರು.

ವಿಷಯ ತಿಳಿದು ಮಾರ್ಗರೆಟ್ ಪೆಚ್ಚಾದಳು. ತಮಾಷೆಗೆ ಅಂದದ್ದು ಹೀಗಾಗುತ್ತದೆಂದು ಅವಳಿಗೇನು ಗೊತ್ತು? ಕೋಳಿಯನ್ನು ಎರಡು ದಿನ ತನ್ನ ಹಿತ್ತಲಲ್ಲಿ ಇಟ್ಟುಕೊಳ್ಳುತ್ತೇನೆ ಅಂದಳು. ನನಗೆ ಇದು ಬಲು ಸೊಗಸಾದ ಪರಿಹಾರ ಅನ್ನಿಸಿತು. ಅಜ್ಜಿಯ ನಿಯಮದೊಳಗೇ ನಿಂತು ಮಾಡಿದ ವಾದ: ಕೇಡು ಯಜಮಾನನಿಗೆ, ಮಾರ್ಗರೆಟ್ ಮನೆಯಲ್ಲಿ ಯಜಮಾನನೇ ಇಲ್ಲ.

ಅಜ್ಜಿ ನನ್ನನ್ನು ದಿಟ್ಟಿಸಿದರು. "ಅವಳೇ ಯಜಮಾನ್ತಿ ಅಲ್ವಾ? ನನ್ ಮಗ ಉಳ್ಕಳ್ಳಿ ಅಂತ ಆ ಒಂಟಿ ಹೆಂಗ್ಸಿನ ಮನೆಗೆ ಸಾಗಾಕ್ಲಾ? ಅದೆಂಗೆ ಬಾಯಿ ಬಂತು ನಿಂಗೆ?"

ನಂಬದವಳಿಗೆ ಬಾಯಿ ಬರುವುದು ಸುಲಭ. ಕೋಳಿ ಯಾರ ಹಿತ್ತಲಲ್ಲಿದ್ದರೂ ನನಗೆ ಅದು ಕೋಳಿ. ಅವರಿಗೆ ಹಾಗಲ್ಲ ಎಂಬುದನ್ನು ನಾನು ಮೂರು ದಿನದಿಂದ ಖಂಡಿಸುತ್ತಿದ್ದೆನೇ ಹೊರತು, ಅವರ ಪಾಲಿಗೆ ಆ ಕೇಡು ನಿಜ ಎಂಬುದನ್ನು ಆವರೆಗೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ದೆನ್ ಯು ಟೇಕ್ ಹರ್, ಚಿಕ್ಕಿ" ಇಂಚರ ಅಂದಳು. "ಯು ಡೋಂಟ್ ಬಿಲೀವ್ ಇಟ್, ರೈಟ್?"

ಸರಿಯಾದ ಪ್ರಶ್ನೆ. ಕೊಡಿ, ಇವತ್ತಿಂದ ಅದು ನನ್ನ ಕೋಳಿ ಅನ್ನಬೇಕಿತ್ತು. ಅಂದೆ ಕೂಡ. ಆದರೆ ಅನ್ನುವ ಮುಂಚೆ ಒಂದು ಉಸಿರಿನಷ್ಟು ತಡವಾಯಿತು. ಯಾಕೆ ತಡವಾಯಿತೆಂದು ನನ್ನನ್ನು ಕೇಳಿದರೆ ಪ್ರಯಾಣದ ಆಯಾಸ ಅನ್ನುತ್ತೇನೆ.

ಅಜ್ಜಿ ಆ ತಡವನ್ನು ಕಂಡರೋ ಇಲ್ಲವೋ. "ನೀನೂ ಒಬ್ಬಳು ತಾಯಿ ಹೆತ್ತ ಮಗಳು ಕಣವ್ವ. ಬ್ಯಾಡ" ಎಂದು ಒಳಗೆ ಹೋದರು.

ಗುರುವಾರ, ಮತ್ತೆ ಹಿತ್ತಲು

ಅಕ್ಕ, ಭಾವ ಆರು ಗಂಟೆಗೆ ಆಸ್ಪತ್ರೆಗೆ ಹೊರಟರು. ಅಜ್ಜಿ ಮಗನ ಕೆನ್ನೆ ಸವರಿದರು. ಇಂಚರಳನ್ನು ಸ್ಕೂಲಿಗೆ ಬಿಡಲು ನಾನು ನಡೆದು ಹೋದೆ. ದಾರಿಯುದ್ದಕ್ಕೂ ನಮ್ಮನ್ನು ಬಿಟ್ಟರೆ ನಡೆಯುವವರು ಯಾರೂ ಇರಲಿಲ್ಲ. ಒಬ್ಬಾತ ಕಾರು ನಿಲ್ಲಿಸಿ, ನಿಮ್ಮ ಕಾರು ಕೆಟ್ಟಿದೆಯೇ ಎಂದು ವಿಚಾರಿಸಿದ.

ವಾಪಸು ಬಂದಾಗ ಮನೆಯಲ್ಲಿ ಅಜ್ಜಿ ಇಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹಿತ್ತಲಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಕೆಂಪಿ. ಎರಡು ಕೈಯಲ್ಲೂ ಅದರ ರೆಕ್ಕೆಗಳನ್ನು ಒತ್ತಿ ಹಿಡಿದು, ಅದರ ಮುಖಕ್ಕೆ ಮುಖ ಕೊಟ್ಟಿದ್ದರು. ಕತ್ತಿ ಎಲ್ಲಾದರೂ ಇದೆಯೇ ಎಂದು ಮೊದಲು ನೋಡಿದೆ. ಇರಲಿಲ್ಲ.

ಕಾಫಿ ಮಾಡಿಕೊಂಡು ಹೋದೆ. "ಏನ್ ಮಾಡ್ತಿದ್ದೀರಾ ಅಜ್ಜಿ?"

"ಸುಮ್ಕಿರು. ನೋಡ್ತಾವ್ನಿ."

"ಅದರ ಕಣ್ಣು ನೋಡಿದ್ರೆ ಸಾಯ್ತಾರೆ ಅಂತಲ್ವಾ ಆ ಚಿತ್ರದಲ್ಲಿ ಇದ್ದಿದ್ದು?"

"ಹ್ಞೂ, ಅದ್ಕೇಯ." ಕಣ್ಣು ಕದಲಿಸಲಿಲ್ಲ. "ಯಾರ್ನಾರ ನೋಡ್ಲೇಬೇಕು ಅಂದ್ರೆ ನನ್ನ ನೋಡ್ಲಿ. ಹಿಂದೆ ಮಡಿಕಂಡೋಳೂ ನಾನೇ ಅಲ್ವಾ."

ಕಾಫಿಯನ್ನು ಅವರ ಪಕ್ಕ ನೆಲದ ಮೇಲಿಟ್ಟು, ಮೆಟ್ಟಿಲ ಮೇಲೆ ಕೂತೆ. ಹತ್ತು ಗಂಟೆಗೆ ಬಿಸಿಲು ಏರಿತು. ಸೆರಗನ್ನು ತಮ್ಮ ತಲೆಗೆ ಹೊದೆಯದೆ ಕೋಳಿಯ ಬೆನ್ನಿಗೆ ಹೊದಿಸಿದರು. ಕೋಳಿಗೆ ಈ ದೃಷ್ಟಿಯುದ್ಧದಲ್ಲಿ ಆಸಕ್ತಿ ಇರಲಿಲ್ಲ. ಕೆಳಗಿನಿಂದ ರೆಪ್ಪೆ ಮೇಲೆಳೆದುಕೊಂಡು ತೂಕಡಿಸುತ್ತಿತ್ತು. ಅದು ಕಣ್ಣು ಮುಚ್ಚಿದಾಗಲೆಲ್ಲ ಅಜ್ಜಿ ತೊಡೆ ಕುಲುಕಿ ಎಬ್ಬಿಸುತ್ತಿದ್ದರು.

ಹನ್ನೊಂದೂಕಾಲಿಗೆ ಫೋನು ಬಂತು. ಅಕ್ಕ. ನಾನು ಹಿತ್ತಲ ತುಂಬ ಕೇಳುವಂತೆ ಕೂಗಿದೆ. "ಮುಗೀತಂತೆ ಅಜ್ಜಿ! ಚೆನ್ನಾಗಿದಾರಂತೆ! ಎಚ್ಚರ ಆಗಿದೆಯಂತೆ!"

"ಯಾರಂದ್ರು?"

"ಅಕ್ಕ."

"ಅವನು ಮಾತಾಡ್ಲಿ."

ಕೇಳಿಸಿಕೊಂಡವರ ಸಾಕ್ಷಿ ಸಾಕ್ಷಿಯಲ್ಲ, ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಭಾವನಿಗೆ ಇನ್ನೂ ಮಂಪರು ಎಂದು ಅಕ್ಕ ಹೇಳಿದಳು. ಪರವಾಗಿಲ್ಲ, ಒಂದೇ ಮಾತು ಸಾಕು ಎಂದೆ. ಫೋನನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದೆ. ಅವರ ಕೈ ಕೋಳಿಯ ಮೇಲಿತ್ತು, ಕಣ್ಣು ಅದರ ಕಣ್ಣ ಮೇಲೆ. ಆ ಕಡೆ ಏನೋ ಸರಿದಾಡಿದ ಸದ್ದು, ಆಮೇಲೆ ಒಣಗಿದ ದನಿ.

"ಅವ್ವಾ. ಊಟ ಮಾಡ್ದಾ?"

ಅಜ್ಜಿ ಕಣ್ಣು ಮುಚ್ಚಿದರು. ಕೈ ಸಡಿಲಾಯಿತು. ಕೆಂಪಿ ತೊಡೆಯಿಂದ ಧೊಪ್ಪನೆ ಹಾರಿ, ಮೈ ಕೊಡವಿ, ಮಣ್ಣು ಕೆದಕಲು ಹೋಯಿತು.

"ಮಾಡ್ದೆ ಕಣ್ಲಾ" ಅಂದರು. "ಮುದ್ದೆ ಉಂಡೆ."

"ಸುಳ್ಳು ಯೋಳ್ಬ್ಯಾಡ ಕಣವ್ವ."

"ಸುಳ್ಳಾ? ಇಲ್ಲೇ ಅವಳೆ, ಬೇಕಾದ್ರೆ ಇವಳ್ನ ಕೇಳು." ಫೋನನ್ನು ನನ್ನ ಮುಖಕ್ಕೆ ತಳ್ಳಿದರು. ಬಕೆಟ್ಟಿನ ಪಕ್ಕದಲ್ಲಿ ನಾನಿಟ್ಟ ಕಾಫಿ ಕೆನೆಗಟ್ಟಿತ್ತು. ಚರ್ಚೆಯಾದಾಗಿನಿಂದ ಅವರ ಬಾಯಿಗೆ ಒಂದಗುಳೂ ಹೋಗಿಲ್ಲವೆಂಬುದಕ್ಕೆ ಈ ಖಂಡದಲ್ಲಿದ್ದ ಏಕೈಕ ಪ್ರತ್ಯಕ್ಷ ಸಾಕ್ಷಿ ನಾನು.

"ಹೌದು ಭಾವ" ಅಂದೆ. "ನನ್ನೆದುರಿಗೇ ಉಂಡ್ರು. ಎರಡು ಮುದ್ದೆ."

ಫೋನು ಇಟ್ಟ ಮೇಲೆ ಅಜ್ಜಿ ನನ್ನ ಭುಜ ಹಿಡಿದುಕೊಂಡು ಬಕೆಟ್ಟಿನಿಂದ ಎದ್ದರು. ಮೊಣಕಾಲು ಲಟಕ್ಕೆಂದಿತು.

"ಎರಡು ಅಂದ್ಬುಟ್ಯಲ್ಲ" ಅಂದರು. "ಒಂದು ಅಂದಿದ್ರೆ ನಂಬೋನು."